ಎರಡು ಅಂಚು ಕೂಡಿದ ಜಾಗ

ಪೊಡಿಮೆಣಿಕೆ ಕೇಳಿದ್ದು ಒಂದೇ. ತೆಗೆದ ಕಣ್ಣಿನಲ್ಲಿದ್ದ ದಾನಿಯ ಕಾರ್ನಿಯಾ ಪೊರೆಯನ್ನು ತನಗೆ ಹಿಂದಿರುಗಿಸಬೇಕು. ಊರಿನ ಬೌದ್ಧ ವಿಹಾರದ ಬೋಧಿವೃಕ್ಷದ ಹತ್ತಿರ ಮಣ್ಣು ಮಾಡಬೇಕು.

ನೋವು ತಾಳಲಾರದೆ ಅವಳು ಹೋದ ತಿಂಗಳು ಬಲಗಣ್ಣನ್ನೇ ತೆಗೆಸಿಕೊಂಡಿದ್ದಳು. ಅದರಲ್ಲಿ ಹಿಂದೆ ಕಸಿ ಮಾಡಿದ್ದ, ಯಾರೋ ತೀರಿಕೊಂಡವರ ಕಾರ್ನಿಯಾ ಇತ್ತು. ಅದರ ಬೆಳಕಿನಲ್ಲಿ ಎಷ್ಟೋ ವರ್ಷ ನಾರಿನ ಚಾಪೆ ನೇಯ್ದಿದ್ದಳು. ಪ್ರತಿ ಪೋಯ ಹುಣ್ಣಿಮೆಗೆ ಹೆಸರೂ ತಿಳಿಯದ ಆ ದಾನಿಗೆ ಪುಣ್ಯ ಅರ್ಪಿಸುತ್ತಿದ್ದಳು. ಈಗ ಎಡಗಣ್ಣೂ ಮಂಜಾಗುತ್ತಿತ್ತು. ಅದಕ್ಕೂ ಕಸಿ ಮಾಡೋಣವೆಂದು ಡಾಕ್ಟರು ಹೇಳಿದರೆ ಅವಳು ಒಪ್ಪುತ್ತಿರಲಿಲ್ಲ.

"ಒಬ್ಬರ ಕಣ್ಣು ಕೆಡಿಸಿದ್ದು ಸಾಕು."

"ಮತ್ತೆ? ನಮ್ಮಣ್ಣ ಸತ್ತಾಗ ಹಗಲೂ ರಾತ್ರಿ ಅತ್ತೆ. ಕಣ್ಣಿಗೆ ಔಷಧಿ ಹಾಕ್ಕೊಳ್ಳೇ ಅತ್ತಿಗೆ ಅಂದ್ರೆ ನನ್ನೇ ಬೈದೆ," ಎಂದಳು ನಾದಿನಿ ಟಿಕಿರಿ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬೈಯುತ್ತಲೇ ಸೊಪ್ಪಿನ ಗಂಜಿಯನ್ನು ಆರಿಸಿ ಅವಳ ಕೈಗಿತ್ತಳು.

ಕಣ್ಣಿನ ಚೂರುಗಳನ್ನು ಪರೀಕ್ಷಿಸುವ ಡಾಕ್ಟರ್ ಚಾಂದನಿ ಇಬ್ಬರನ್ನೂ ಒಳಗೆ ಕರೆದರು. ಪೊಡಿಮೆಣಿಕೆಯ ಮಂಜುಗಣ್ಣಿಗೆ ಕಾಣಲೆಂದು ಪರದೆ ಎಳೆದು ಕೋಣೆಯನ್ನು ಕತ್ತಲಾಗಿಸಿ, ಅವಳ ಕುರ್ಚಿಯನ್ನು ತಾವೇ ದೊಡ್ಡ ಟಿ.ವಿ.ಯ ಹತ್ತಿರ ಸರಿಸಿದರು.

ಸೂಕ್ಷ್ಮದರ್ಶಕದಡಿ ಇಟ್ಟ ಆ ಪೊರೆಯ ಚೂರು ಟಿ.ವಿ.ಯ ಮೇಲೆ ಗುಲಾಬಿ ಬಣ್ಣದ ಪಟ್ಟಿಯಾಗಿ ಮೂಡಿತು.

"ಬಣ್ಣ ನಾವು ಹಾಕಿದ್ದು. ಕೆಳಗಿನ ಅಂಚು ನೋಡು. ಅಲ್ಲಿ ಒಂದು ಸಾಲು ಜೀವಕಣ ಇರಬೇಕಿತ್ತು. ಪೊರೆಗೆ ಇಳಿದ ನೀರನ್ನ ಹೊರಗೆ ಹಾಕೋದು ಅವೇ. ಒಮ್ಮೆ ಹೋದರೆ ಮತ್ತೆ ಹುಟ್ಟಲ್ಲ."

ಅಂಚು ಬೋಳಾಗಿತ್ತು. ಮೇಲ್ಗಡೆ ನೀರು ತುಂಬಿ ಗುಳ್ಳೆಯೆದ್ದಿತ್ತು. ಅವಳನ್ನು ಸುಟ್ಟ ನೋವು ಅದೇ.

"ನಾನು ಔಷಧಿ ನಿಲ್ಲಿಸಿದ್ದಕ್ಕಾ, ಡಾಕ್ಟರಮ್ಮಾ?"

ಚಾಂದನಿ ಚಿತ್ರವನ್ನು ಇನ್ನಷ್ಟು ದೊಡ್ಡದು ಮಾಡಿದರು. "ಅಲ್ಲವೇ ಅಲ್ಲ ಅಂತ ಆಣೆ ಮಾಡಲಾರೆ. ಆದರೆ ನಿನ್ನ ಮೈ ಅದನ್ನ ಹೊರಗಿನದು ಅಂತ ಹೊಡೆದು ಹಾಕಿದ್ರೆ ಇಲ್ಲಿ ಕಪ್ಪು ಚುಕ್ಕೆ ಮುತ್ತಿರ್ತಿದ್ವು, ರಕ್ತನಾಳ ನುಗ್ಗಿರ್ತಿದ್ವು. ಎಷ್ಟು ಹುಡುಕಿದ್ರೂ ಸಿಗಲಿಲ್ಲ. ಆ ಕಣಗಳು ನಿಧಾನಕ್ಕೆ ಸವೆದಿವೆ. ಅಳುವಿಗೆ ಸವೆಯೋದಿಲ್ಲ."

ಟಿಕಿರಿ ಸೆರಗಿನಲ್ಲಿ ಮೂಗೊರೆಸಿಕೊಂಡಳು. "ಇದನ್ನ ಮೊದಲೇ ಹೇಳಿದ್ರೆ ನನ್ನ ಬಾಯಾದ್ರೂ ಉಳೀತಿತ್ತು."

ಡಾಕ್ಟರು ಚಿತ್ರವನ್ನು ಬದಿಗೆ ಸರಿಸಿದರು. "ಈ ಕಡೆ ನಿನ್ನದು, ಆ ಕಡೆ ಅವರದು. ಹೊಲಿಗೆ ಬಿದ್ದಿದ್ದು ಇಲ್ಲಿ."

ಪೊಡಿಮೆಣಿಕೆ ಮುಂದೆ ಬಾಗಿದಳು. ಪದರ ಪದರವಾಗಿ ಮಲಗಿದ್ದ ಎಳೆಗಳು ಅಲ್ಲಿ ಒಂದರೊಳಗೊಂದು ಹೊಕ್ಕಿದ್ದವು. ಚಾಪೆಗೆ ಹೊಸ ನಾರು ಸೇರಿಸಿದಾಗಲೂ ಹೀಗೇ, ಬೆರಳಾಡಿಸಿದರೆ ಗಂಟು ಸಿಗಬಾರದು. ಅವಳ ಕೈ ತಾನಾಗಿ ಟಿ.ವಿ.ಯ ಗಾಜನ್ನು ಸವರಿತು.

"ಬಿಟ್ಟಿಲ್ಲ," ಎಂದಳು ಮೆಲ್ಲಗೆ. "ಕೊನೇವರೆಗೂ ಹಿಡ್ಕೊಂಡೇ ಇದೆ."

"ಇದನ್ನ ಕೊಡೋಕೆ ಬರಲ್ಲ ಮೆಣಿಕೆ. ಹೊಸ ಡಾಕ್ಟರುಗಳು ಇದನ್ನ ನೋಡಿಯೇ ಕಲೀಬೇಕು."

"ಆ ಪುಣ್ಯಾತ್ಮರು ಇನ್ನೂ ಕೊಡ್ತಾನೇ ಇದಾರೆ, ಹಾಗಾದ್ರೆ." ಅವಳು ಗಾಜಿನಿಂದ ಕೈ ತೆಗೆದಳು. ಆಮೇಲೆ ಕೇಳಿದಳು, "ಎಡಗಣ್ಣಿಗೆ ಹಾಕೋದು... ಅದನ್ನ ಕೊಡೋರು ಈಗ ಬದುಕಿದಾರಾ?"

"ಎಲ್ಲೋ ಇದ್ದಾರು."

"ಹಾಗಾದ್ರೆ ನನ್ನ ಹೆಸರು ಬರ್ಕೊಳ್ಳಿ. ಅವಸರ ಏನಿಲ್ಲ." ಪೊಡಿಮೆಣಿಕೆ ಎರಡೂ ಕೈ ಜೋಡಿಸಿದಳು. "ಈ ಪೋಯಕ್ಕೆ ಅವರ ಹೆಸರಲ್ಲೂ ಹೂವಿಡ್ತೀನಿ, ಆಯಸ್ಸು ಗಟ್ಟಿಯಾಗಿರಲಿ ಅಂತ. ನಾನು ಕಾಯ್ತೀನಿ."