ನಿಂತವರ ಲೆಕ್ಕ

ಅಮ್ಮ ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದವಳು. ಓಡುವ ಬಸ್ಸಿನಲ್ಲಿ ಕಂಬಿ ಹಿಡಿಯದೆ ನಿಲ್ಲುತ್ತಿದ್ದೆ ಎಂದು ಈಗಲೂ ಜಂಬ ಕೊಚ್ಚಿಕೊಳ್ಳುತ್ತಾಳೆ. ಅಂಥವಳು ಆ ವಾರ ಅಡುಗೆಮನೆಯಲ್ಲಿ ಗೋಡೆ ಹಿಡಿದು ನಡೆಯುತ್ತಿದ್ದಳು. ಮಾತು ತೊದಲುತ್ತಿತ್ತು, ಸಹಿ ಮಾಡಿದರೆ ಅಕ್ಷರ ಸೊಟ್ಟಗಾಗುತ್ತಿತ್ತು. ತಿಂಗಳ ಹಿಂದೆ ಕರುಳಿನ ಆಪರೇಷನ್ ಆಗಿ, ಊಟ ಸೇರದೆ ಕಡ್ಡಿಯಾಗಿದ್ದಳು. ಸುಸ್ತಿರಬೇಕು ಎಂದುಕೊಂಡೆ.

ನಿವೃತ್ತಿಯಾದ ಮೇಲೆ ಅವಳಿಗೆ ಫಿಟ್ಸ್ ಶುರುವಾಗಿತ್ತು. ಅದರ ಮಾತ್ರೆಯನ್ನು ಒಂದು ದಿನವೂ ತಪ್ಪಿಸಿದವಳಲ್ಲ. ಆ ಮಾತ್ರೆ ರಕ್ತದಲ್ಲಿ ಎಷ್ಟಿದೆ ನೋಡಿ ಎಂದರು ಡಾಕ್ಟರು. ನೋಡುವವಳು ನಾನೇ, ಲ್ಯಾಬಿನಲ್ಲಿ ಹನ್ನೊಂದು ವರ್ಷದಿಂದ ರಕ್ತದ ಟ್ಯೂಬುಗಳ ಜೊತೆ ಸಂಸಾರ ಮಾಡುತ್ತಿದ್ದೇನೆ. ಹತ್ತರಿಂದ ಇಪ್ಪತ್ತು ಇರಬೇಕಾದಲ್ಲಿ ಒಂಬತ್ತೂವರೆ ಬಂತು. ‘ಕಡಿಮೆ’ ಎಂದು ಬರೆದು ಸಹಿ ಹಾಕಿದೆ. ನಾಳೆಯಿಂದ ಒಂದು ಮಾತ್ರೆ ಜಾಸ್ತಿ ಕೊಡಿ ಎಂದು ಡಾಕ್ಟರು ಫೋನಿನಲ್ಲಿ ಹೇಳಿದರು.

ಸಂಜೆ ಹೇಳಿದರೆ ಸುಮ್ಮನೆ ಒಪ್ಪುವ ಜಾಯಮಾನವೇ ಅಮ್ಮನದು? ಮಾತ್ರೆ ರಕ್ತದಲ್ಲಿ ಹೇಗೆ ಓಡಾಡುತ್ತದೆ ಎಂದು ನನ್ನ ತಲೆ ತಿಂದಳು. ಆಲ್ಬುಮಿನ್ ಅಂತ ಒಂದು ಪ್ರೋಟೀನ್ ಇದೆ, ಊಟದ ಕೊಬ್ಬಿನಂಶ, ಕ್ಯಾಲ್ಸಿಯಂ, ಮಾತ್ರೆ ಎಲ್ಲವೂ ಬಹುಪಾಲು ಅದಕ್ಕೆ ಅಂಟಿಕೊಂಡು ಸಾಗುತ್ತವೆ ಎಂದೆ. ಅವಳಿಗೆ ತಿಳಿಯಲೆಂದು ಅದನ್ನು ಬಸ್ಸೆಂದೂ ಕರೆದೆ. ಸೀಟು ಸಿಕ್ಕ ಮಾತ್ರೆ ತೆಪ್ಪಗೆ ಕೂತಿರುತ್ತದೆ. ಸೀಟು ಸಿಗದೆ ನಿಂತದ್ದು ಮಾತ್ರ ಇಳಿದು ಹೋಗಿ ಮಿದುಳಿನಲ್ಲಿ ಕೆಲಸ ಮಾಡುತ್ತದೆ. ಎಷ್ಟು ಚೆನ್ನಾಗಿ ವಿವರಿಸಿದೆ ಎಂದು ನನಗೇ ಹೆಮ್ಮೆಯಾಯಿತು.

ಅಮ್ಮ ಬೆರಳು ಮಡಚಿ ಲೆಕ್ಕಕ್ಕಿಳಿದಳು.

“ನಿನ್ನ ಒಂಬತ್ತೂವರೆಯಲ್ಲಿ ನಿಂತೋರೆಷ್ಟು?”

ಕೂತದ್ದು ನಿಂತದ್ದು ಎರಡೂ ಸೇರಿ ಎಂದೆ.

“ಸೇರ್ಸಿ ಯಾಕೆ ಎಣಿಸ್ದೆ? ಕೂತೋರು ಎಲ್ಲಿಗೆ ಹೋಗ್ತಾರೆ? ನಾನು ನಿಂತೋರನ್ನೇ ಮೊದ್ಲು ನೋಡ್ತಿದ್ದೆ. ಅದಿರ್ಲಿ, ನನ್ನ ಬಸ್ಸಲ್ಲಿ ಈಗ ಸೀಟೆಷ್ಟಿವೆ?”

ಆಪರೇಷನ್ ಆದಮೇಲೆ ಅವಳ ಆಲ್ಬುಮಿನ್ ಅಳೆದವಳೂ ನಾನೇ. ಇರಬೇಕಾದ್ದರ ಅರ್ಧವೂ ಇರಲಿಲ್ಲ. ಸೀಟುಗಳೇ ಕಿತ್ತುಹೋಗಿದ್ದವು! ಒಂದೇ ಕೈಯಲ್ಲಿ ಎರಡು ರಿಪೋರ್ಟ್ ಬರೆದು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡದ ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಆಗಲೇ ಡಾಕ್ಟರಿಗೆ ಫೋನ್ ಮಾಡಿದೆ. ಜಾಸ್ತಿ ಮಾತ್ರೆ ಬೇಡ, ಪ್ರೋಟೀನಿಗೆ ಅಂಟದೆ ಬಿಡಿಯಾಗಿರುವುದನ್ನಷ್ಟೇ ಅಳೆಯಿರಿ ಎಂದರು. ಮರುದಿನ ಅಮ್ಮನ ರಕ್ತದ ತಿಳಿಯನ್ನು ಸಣ್ಣ ಜಾಲರಿಯಿರುವ ಟ್ಯೂಬಿಗೆ ಹಾಕಿ ಯಂತ್ರದಲ್ಲಿ ಗಿರಗಿರ ತಿರುಗಿಸಿದೆ. ಪ್ರೋಟೀನ್ ಮೇಲೇ ಉಳಿಯಿತು, ಬಿಡಿ ಮಾತ್ರೆಯಷ್ಟೇ ಸೋಸಿ ಕೆಳಗಿಳಿಯಿತು. ಅದು ಎರಡು ಮೀರಬಾರದು. ಬಂದದ್ದು ಮೂರಕ್ಕೆ ಹತ್ತಿರ. ಅಮ್ಮ ತೂರಾಡುತ್ತಿದ್ದುದು ಮಾತ್ರೆ ಹೆಚ್ಚಾಗಿ. ಅದರ ಮೇಲೆ ಇನ್ನೊಂದನ್ನು ನಾನೇ ನುಂಗಿಸುವವಳಿದ್ದೆ. ಕುರ್ಚಿ ಎಳೆದುಕೊಂಡು ಕೂತೆ. ನನಗೆ ಭಯವಾಗಿತ್ತು.

ಡಾಕ್ಟರು ಮಾತ್ರೆ ಇಳಿಸಿದರು. ಎರಡು ವಾರಕ್ಕೆ ಅಮ್ಮ ಗೋಡೆ ಬಿಟ್ಟು ನಡೆದಳು. ನಡೆದು ಬಂದವಳೇ ನನ್ನ ಹಳೇ ರಿಪೋರ್ಟ್ ಕೇಳಿದಳು, ಪೆನ್ನೂ ಕೇಳಿದಳು. ನಾನು ಬರೆದ ‘ಕಡಿಮೆ’ಯ ಪಕ್ಕದಲ್ಲಿ, ತನಿಖೆಗೆ ಬಂದ ಅಧಿಕಾರಿಯ ಠೀವಿಯಲ್ಲಿ, ‘ನಿಂತವರನ್ನು ಎಣಿಸಿಲ್ಲ’ ಎಂದು ಬರೆದು ಸಹಿ ಹಾಕಿದಳು.

ಒಂದಕ್ಷರವೂ ಸೊಟ್ಟಗಿರಲಿಲ್ಲ.