ಹಿಂದಿನ ಸಾಲಿನ ದನಿ

ನನ್ನ ಹೆಂಡತಿ ನೀಲಾಂಬಿಕಾ ಶಿವೈಕ್ಯಳಾದ ಮರುವರ್ಷ, ಅಂದರೆ ಎರಡು ಸಾವಿರದ ಮೂರನೆಯ ಇಸವಿಯ ಶ್ರಾವಣದಲ್ಲಿ, ಮಗಳು ಗುರುದೇವಿ ನನಗೊಂದು ಮಾತು ಹೇಳಿದಳು. ಅವಳು ಕೆಂಗೇರಿಯಲ್ಲಿ ಶಾಲೆಯ ಉಪಾಧ್ಯಾಯಿನಿ. ರಜೆಯ ದಿನ ಬಸವೇಶ್ವರನಗರದ ನಮ್ಮ ಮನೆಗೆ ಬಂದು, ನನ್ನ ಅಡಿಗೆ ಎಷ್ಟು ಕೆಟ್ಟಿದೆಯೆಂದು ನೋಡಿ, ಬೈದು, ಒಂದೆರಡು ಪಲ್ಯ ಮಾಡಿಟ್ಟು ಹೋಗುವಳು. ಅಂದು ಪೂಜೆಗೆ ಪತ್ರೆ ಬಿಡಿಸುತ್ತ ಕುಳಿತಿದ್ದಳು.

"ಅಪ್ಪ, ಅಮ್ಮನ ಮುಖ ಕಣ್ಮುಂದೆ ಬರತ್ತೆ. ಧ್ವನಿ ಮಾತ್ರ ಬರ್ತಾ ಇಲ್ಲ" ಎಂದಳು. "ಎಷ್ಟು ನೆನಪು ಮಾಡ್ಕೊಂಡ್ರೂ ಕೊನೇಲಿ 'ಆ... ಆ...' ಅಂತಿದ್ರಲ್ಲ, ಅದೇ ಕೇಳ್ಸತ್ತೆ. ಅದಕ್ಕೆ ಮುಂಚೆ ಹೇಗೆ ಮಾತಾಡ್ತಿದ್ರು ಅಂತ್ಲೇ ಮರೆತುಹೋಗಿದೆ."

ಪಾರ್ಶ್ವವಾಯು ನೀಲಾಂಬಿಕೆಯ ಬಲಗೈಯನ್ನೂ ನಾಲಗೆಯನ್ನೂ ಒಟ್ಟಿಗೆ ಕಸಿದಿತ್ತು. ಆಮೇಲೆ ಬಹುಕಾಲ ಅವಳು ನಮ್ಮೊಡನೆ ಇದ್ದಳು, ಮಾತು ಇರಲಿಲ್ಲ. ನನಗೆ ಅವಳ ಹಿಂದಿನ ದನಿ ಕೇಳಿಸುತ್ತಿತ್ತು. ಆದರೆ ನನಗೆ ಕೇಳಿಸುವುದನ್ನು ಮಗಳ ಕಿವಿಗೆ ದಾಟಿಸುವುದು ಹೇಗೆ?

ಮನೆಯಲ್ಲಿ ಒಂದು ಕ್ಯಾಸೆಟ್ ಇತ್ತು. ನಮ್ಮ ಬಡಾವಣೆಯ ಹೆಂಗಸರ ಬಳಗ ಹಿಂದೊಂದು ಶ್ರಾವಣದಲ್ಲಿ ವಚನಗಳನ್ನು ಹಾಡಿದ್ದಾಗ ಯಾರೋ ಧ್ವನಿಮುದ್ರಣ ಮಾಡಿದ್ದು. ನಮ್ಮ ಚಿಕ್ಕ ಟೇಪ್ ರೆಕಾರ್ಡರಿನಲ್ಲಿ ಹಾಕಿದೆವು. ಮುಂದಿನ ಸಾಲಿನ ಲಿಂಗಮ್ಮನವರ ಗಂಟಲು ಸೂಜಿಯಂತೆ ಬಂತು. ಅವರ ಅಕ್ಕಪಕ್ಕದವರದೂ ಬಂತು. ನೀಲಾಂಬಿಕೆ ಎಲ್ಲಿಯೂ ಇಲ್ಲ.

ಲಿಂಗಮ್ಮನವರನ್ನೇ ಕೇಳಿದೆ. "ಇದ್ರು ಅನ್ಸತ್ತೆ ಅಣ್ಣ, ಹಿಂದ್ಗಡೆ ಕೂತಿದ್ರು. ಹಾಡಿದ್ರೋ ಬರೀ ಕೂತಿದ್ರೋ ಈಗ ಹೇಗ್ ಹೇಳ್ಲಿ?" ಎಂದರು.

"ಅವತ್ತು ಅಮ್ಮ ಹಾಡಿಲ್ಲ, ಬಿಡಿ" ಎಂದಳು ಗುರುದೇವಿ. ಕ್ಯಾಸೆಟ್ಟನ್ನು ತೆಗೆದು ಕಪಾಟಿನಲ್ಲಿಟ್ಟಳು.

ನನಗೆ ಬಿಡಲಾಗಲಿಲ್ಲ. ನೀಲಾಂಬಿಕೆಯ ದನಿ ತಗ್ಗು. ನಮ್ಮ ಮದುವೆಯಾದ ಹೊಸತರಲ್ಲಿ ನನ್ನ ತಾಯಿ "ಸೊಸೆ ಕರೆದರೆ ಕರೆದದ್ದು ಗಂಡಸೋ ಹೆಂಗಸೋ ತಿಳಿಯಲ್ಲ" ಎಂದು ನಗುತ್ತಿದ್ದರು. ಬಳಗದಲ್ಲಿ ಅವಳು ಯಾವಾಗಲೂ ಹಿಂದಿನ ಸಾಲಿನವಳೇ. ಮುಂದಿನವರು ಮೇಲೆ ಹೋದಾಗ ಕೆಳಗೆ ನೆಲದಂತೆ ಇರುವುದು ಅವಳ ಕೆಲಸ. ನಾನು ರೇಡಿಯೋ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತನಾದವನು. ಅಂಗೈಯಗಲದ ಸ್ಪೀಕರಿನಿಂದ ತಗ್ಗು ದನಿ ಹೊರಡುವುದಿಲ್ಲವೆಂದು ಬಲ್ಲೆ. ಅವಳು ಆ ಟೇಪಿನಲ್ಲಿ ಇಲ್ಲದಿರಬಹುದು. ಇದ್ದೂ ನಮ್ಮ ಯಂತ್ರಕ್ಕೆ ಅವಳನ್ನು ಹೊರತರುವ ಶಕ್ತಿ ಇಲ್ಲದಿರಬಹುದು. ಎರಡರಲ್ಲಿ ಯಾವುದೆಂದು ತಿಳಿಯಲು ದೊಡ್ಡ ಮರದ ಪೆಟ್ಟಿಗೆಯ ಸ್ಪೀಕರ್ ಬೇಕು. ಅದನ್ನು ನಾನೇ ಮಾಡಬೇಕೆಂದು ನಿಶ್ಚಯಿಸಿದೆ.

ಮಾರೇನಹಳ್ಳಿಯಲ್ಲಿ ಮರ ಕೊಯ್ಯುವ ಸಾಮಿಲ್ ಇಟ್ಟುಕೊಂಡಿರುವ ಬೈರಪ್ಪ ನನ್ನ ಹಳೆಯ ಸ್ನೇಹಿತ. ಅಲ್ಲಿಯವನೇ, ಅವನ ತಂದೆ ರಾಗಿ ಬೆಳೆದ ಹೊಲದ ಮೇಲೆ ಈಗ ಮೂರಂತಸ್ತಿನ ಮನೆಗಳಿವೆ. ವಿಷಯ ಹೇಳಿದೆ.

"ಅಲ್ಲ ಸ್ವಾಮಿ, ಪ್ಯಾಟೆ ತುಂಬ ಹೋಮ್ ಥಿಯೇಟರ್ ಇಟ್ಟವ್ರೆ. ತಂದು ಗುಂಡಿ ಒತ್ತೋದು ಬಿಟ್ಟು ಈ ವಯಸ್ಸಲ್ಲಿ ಗರಗಸ ಹಿಡೀತೀನಿ ಅಂತೀರಲ್ಲ!"

"ಪಕ್ಕದ ಮನೆಯವರ ಹತ್ತಿರ ಹಾಕಿಸಿ ಕೇಳಿದೆ ಕಣಪ್ಪ. ದಬದಬ ಅನ್ನತ್ತೆ. ವಚನಕ್ಕೆ ತಮಟೆ ಹೊಡೆದ ಹಾಗಾಯ್ತು."

"ಹಂಗಾದ್ರೆ ಬನ್ನಿ" ಎಂದು ಹಿತ್ತಲಿಗೆ ಕರೆದುಕೊಂಡು ಹೋದ. ಹಳೆಯ ಮನೆ ಕೆಡವಿದಾಗ ತೆಗೆದಿಟ್ಟ ಹಲಸಿನ ಹಲಗೆಗಳು ತಗಡಿನ ಕೆಳಗೆ ಒರಗಿದ್ದವು. "ನಮ್ಮಪ್ಪ ಹಾಕ್ಸಿದ್ ಅಟ್ಟ. ನಮ್ಮ ಹುಡುಗ ರೇವಂತ ಸೌದೆಗೆ ಕೊಡ್ತೀನಿ ಅಂತಿದ್ದ, ಬೈದೆ. ತಂಬೂರಿ ಮಾಡೋದೂ ಹಲಸಲ್ಲೇ ಅಲ್ವಾ? ತಗೊಳ್ಳಿ." ಬೆಲೆಯ ಮಾತೆತ್ತಿದರೆ, "ನೀಲಕ್ಕ ನಮ್ಮನೇಲಿ ಎಷ್ಟು ಬಾಣಂತನಕ್ಕೆ ಬಂದು ನಿಂತವ್ರೆ, ಅದನ್ನ ನಾನು ಲೆಕ್ಕ ಹಾಕಿದ್ನಾ?" ಎಂದು ನನ್ನ ಬಾಯಿ ಮುಚ್ಚಿಸಿದ.

ಎಸ್.ಪಿ. ರಸ್ತೆಯ ಒಂದು ಗೂಡಂಗಡಿಯಲ್ಲಿ ಎಂಟು ಅಂಗುಲದ ಎರಡು ಸ್ಪೀಕರುಗಳು ಸಿಕ್ಕಿದವು. ದನಿ ಹೊರಡಿಸುವ ಆಲಿಕೆಯಂಥ ಕೋನು ಕಾಗದದ್ದು. "ಇದೇ ಕೊನೇ ಜೋಡಿ ಸಾರ್, ಈ ಮಾಲು ಇನ್ಮೇಲೆ ಬರಲ್ಲ. ಜೋಪಾನ" ಎಂದ ಅಂಗಡಿಯವನು. ಮಗುವನ್ನು ತರುವಂತೆ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ.

ಸ್ಪೀಕರಿನ ಪೆಟ್ಟಿಗೆ ಎಂದರೆ ಬರಿಯ ಹೊದಿಕೆಯಲ್ಲ. ಕಾಗದದ ಕೋನು ಮುಂದಕ್ಕೂ ಹಿಂದಕ್ಕೂ ಅದುರುತ್ತದೆ. ಹಿಂದಿನ ಗಾಳಿ ಮುಂದಿನ ಗಾಳಿಯನ್ನು ಸೇರಿದರೆ ತಗ್ಗು ದನಿ ಅಲ್ಲಿಯೇ ಸತ್ತುಹೋಗುತ್ತದೆ. ಎರಡನ್ನೂ ಬೇರೆ ಮಾಡಿ, ಒಳಗೆ ಹಿಡಿದ ಗಾಳಿಯನ್ನು ಒಂದು ಕೊಳವೆಯಿಂದ ಅಳತೆಯಾಗಿ ಹೊರಬಿಟ್ಟರೆ ಪೆಟ್ಟಿಗೆಯೂ ಜೊತೆಗೂಡಿ ಹಾಡುತ್ತದೆ. ನಾನು ಲೆಕ್ಕ ಹಾಕಿದೆ, ಬೈರಪ್ಪ ಕೊಯ್ದ. ಒಳಗೆ ಬೂರುಗದ ಹತ್ತಿ ಹರಡಿದೆವು. ಕೀಲುಗಳಿಗೆ ಮರದ ಹಿಟ್ಟನ್ನೂ ಫೆವಿಕಾಲನ್ನೂ ಕಲಸಿ ತುಂಬಿ, ಗಾಳಿ ಸೋರುವುದೋ ಎಂದು ನೋಡಲು ಊದಿನಕಡ್ಡಿಯನ್ನು ಅಂಚಿನುದ್ದಕ್ಕೂ ಹಿಡಿದೆ. ಹೊಗೆ ಅಲುಗಿದಲ್ಲಿ ಬಿರುಕು.

"ಪೆಟ್ಟಿಗೆಗೆ ಆರತಿ ಎತ್ತೋ ಸ್ವಾಮೀನ ಇವತ್ತೇ ನೋಡ್ತಿರೋದು" ಎಂದು ಬೈರಪ್ಪ ನಕ್ಕ.

ಮಹಾನವಮಿಗೆ ಮೊದಲು ಜೋಡಿ ಸಿದ್ಧವಾಯಿತು. ಸಾಮಿಲಿನ ಅಂಗಳದಲ್ಲಿ ನನ್ನ ಹಳೆಯ ಆಂಪ್ಲಿಫೈಯರಿಗೆ ತಂತಿ ಕೊಟ್ಟು ಕ್ಯಾಸೆಟ್ ಹಾಕಿದೆ. ಲಿಂಗಮ್ಮನವರು ಹಿಂದೆಂದಿಗಿಂತಲೂ ಜೋರಾಗಿ ಬಂದರು. ಅವರ ದನಿ ಸೂಜಿಯಾಗಿದ್ದುದು ಈಗ ದಬ್ಬಳವಾಯಿತು. ಅದರಡಿಯಲ್ಲಿ ಏನೋ ಗೊಣಗಿದಂತೆ ಇತ್ತು. ಅದು ಹಾರ್ಮೋನಿಯಮ್ಮೋ, ಫ್ಯಾನೋ, ನನ್ನ ಆಸೆಯೋ, ಹೇಳಲಾರೆ.

ಗುರುದೇವಿ ದಸರಾ ರಜೆಗೆ ಬಂದಿದ್ದಳು. ನನ್ನ ಸಮಾಧಾನಕ್ಕೆ ಕೊನೆಯವರೆಗೂ ನಿಂತು ಕೇಳಿದಳು. "ತುಂಬಾ ಚೆನ್ನಾಗಿದೆ ಅಪ್ಪ. ಆದ್ರೆ ಇಲ್ಲದೋರನ್ನ ಎಲ್ಲಿಂದ ತರ್ತೀರಿ?" ಎಂದು ನನ್ನ ತೋಳು ಹಿಡಿದಳು.

ಪಾಲಿಷ್ ಆಗಲೆಂದು ಪೆಟ್ಟಿಗೆಗಳನ್ನು ಅಲ್ಲಿಯೇ ಬಿಟ್ಟೆ. ಮುಂದೆ ಬಟ್ಟೆ ಹೊದಿಸುವುದೊಂದು ಬಾಕಿಯಿತ್ತು, ಅದಕ್ಕೆ ಮನಸ್ಸಾಗಲಿಲ್ಲ.

ಆಯುಧಪೂಜೆಯ ಮರುದಿನ, ವಿಜಯದಶಮಿಯ ಬೆಳಿಗ್ಗೆ, ಪ್ರಸಾದಕ್ಕೆಂದು ಸಾಮಿಲಿಗೆ ಹೋದೆ. ಬಾಗಿಲಲ್ಲಿ ಬೂದುಗುಂಬಳ ಒಡೆದು ಕುಂಕುಮ ಚೆಲ್ಲಿತ್ತು. ಗರಗಸ, ಮೋಟಾರು, ಉಳಿ, ಸುತ್ತಿಗೆ, ಟೆಂಪೋ, ಎಲ್ಲಕ್ಕೂ ಅರಿಶಿನ ಕುಂಕುಮ, ಸೇವಂತಿಗೆ. ಗೋಡೆಯ ಬಳಿ ನನ್ನ ಎರಡು ಪೆಟ್ಟಿಗೆಗಳು. ಅವುಗಳ ದುಂಡನೆಯ ಕಾಗದದ ಮುಖದ ಮೇಲೆ ಈ ಕಡೆಯಿಂದ ಆ ಕಡೆಗೆ ಮೂರು ದಪ್ಪ ಪಟ್ಟೆ ವಿಭೂತಿ.

ಬೈರಪ್ಪನ ಹೆಂಡತಿ ಮುನಿಲಕ್ಷ್ಮಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದಳು. ಮುಖದಲ್ಲಿ ಸಂತೋಷ.

"ನೋಡಿದ್ರಾ ಅಣ್ಣ? ಎಲ್ಲದಕ್ಕೂ ಕುಂಕುಮ ಇಟ್ಟೆ. ಇವು ನಿಮ್ಮವಲ್ವಾ? ನಿಮ್ಮೋರಿಗೆ ವಿಭೂತಿನೇ ಮುಖ್ಯ ಅಂತ ನೀರಲ್ಲಿ ತೇದು ದಪ್ಪಕೆ ಹಚ್ಚಿದೆ. ಹಣೆ ಇದ್ದಂಗೇ ಐತೆ!"

ಆ ಕಾಗದ ಹೂವಿನ ಎಸಳಿನಷ್ಟು ಹಗುರ; ಅದಕ್ಕೆ ನೀರು ತಾಗಕೂಡದು. ಅವಳು ಒಳಗೆ ಹೋದಮೇಲೆ ಒಣ ಬಟ್ಟೆಯ ತುದಿಯಿಂದ ಒಂದು ಪಟ್ಟೆಯನ್ನು ಮೆಲ್ಲಗೆ ಒರೆಸಲು ಹೋದೆ. ಕೈ ಹಿಂದೆಗೆಯಿತು. ವಿಭೂತಿ ನಮಗೆ ಒರೆಸಿ ಎಸೆಯುವ ಬೂದಿಯಲ್ಲ. ಆದರೂ ಒರೆಸಿದೆ. ಇನ್ನೂ ನೆನೆದೇ ಇದ್ದ ಕಾಗದ ಉಗುರಿನುದ್ದ ಹರಿಯಿತು.

ಬೈರಪ್ಪ ಹಿಂದೆ ಬಂದು ನಿಂತಿದ್ದ. "ಹರೀತಾ?"

"ಹರೀತು."

"ಏ ಮುನಿಲಕ್ಷ್ಮೀ! ಏನ್ ಕೆಲ್ಸ ಮಾಡಿದೀಯ ನೋಡ್ ಬಾ! ನಾಳೆ ಟಿವಿಗೂ ಎಣ್ಣೆ ನೀರು ಹಾಕ್ಬಿಡು!"

"ಕೂಗಬೇಡ ಬೈರಪ್ಪ. ಹರಿದದ್ದು ನಾನು" ಎಂದೆ.

ಅವಳು ಬಂದು ನೋಡಿ ಅಲ್ಲಿಯೇ ಕುಸಿದು ಕುಳಿತಳು. "ನೀಲಕ್ಕನ ದನಿಗೆ ಅಂತ ಮಾಡಿದ್ದಲ್ವಾ ಅಣ್ಣ ಇದು? ನನ್ನ ಕೈ ಯಾಕಾದ್ರೂ ಸುಮ್ನಿರ್ಲಿಲ್ಲ!" ಎಂದು ಅತ್ತಳು. ಅವಳನ್ನು ಸಮಾಧಾನ ಮಾಡುವಾಗ ನನಗೂ ಒಂದಿಷ್ಟು ಸಮಾಧಾನವಾಯಿತು. ಸತ್ತವಳ ದನಿಗೆಂದು ಮಾಡಿದ ಪೆಟ್ಟಿಗೆಗೆ ಹಣೆಯೆಂದು ತಿಳಿದು ವಿಭೂತಿ ಹಚ್ಚಿದವಳ ಮೇಲೆ ಯಾರು ಸಿಟ್ಟಾದಾರು?

ಬೇರೆ ಸ್ಪೀಕರ್ ಸಿಗುವುದಿಲ್ಲ. ಇದ್ದುದನ್ನೇ ಉಳಿಸಬೇಕು. ಹರಿದ ಕಡೆಗೆ ತೆಳುವಾದ ಕಾಗದದ ಚೂರನ್ನು ಅಂಟಿಸಿದೆ. ಉಳಿದ ವಿಭೂತಿಯನ್ನು ಮುಟ್ಟಲು ಧೈರ್ಯ ಬರಲಿಲ್ಲ. ಒಣಗಿದ ಮೇಲೆ ಅದು ಪುಡಿಯಾಗಿ ಒಳಗೆ ಉದುರಿದರೆ ಸ್ಪೀಕರ್ ಕೆಟ್ಟೇ ಹೋಗುತ್ತದೆ. ಆದ್ದರಿಂದ ಫೆವಿಕಾಲನ್ನು ನೀರಿನಲ್ಲಿ ತೆಳ್ಳಗೆ ಕದಡಿ, ಮೆತ್ತನೆಯ ಕುಂಚದಿಂದ, ಕಾಗದ ನೆನೆಯದಂತೆ, ವಿಭೂತಿಯ ಮೇಲೆಯೇ ಇಡೀ ಕೋನಿಗೆ ಒಂದು ಪದರ ಸವರಿದೆ. ಒಂದಕ್ಕೆ ಹಚ್ಚಿ ಇನ್ನೊಂದಕ್ಕೆ ಬಿಟ್ಟರೆ ಜೋಡಿ ತಪ್ಪುತ್ತದೆಂದು ಎರಡಕ್ಕೂ ಹಚ್ಚಿದೆ. "ಶಿವನೇ, ನನ್ನ ಕೈಲಾದದ್ದು ಇಷ್ಟು" ಎಂದುಕೊಂಡು ನೆರಳಿನಲ್ಲಿ ಒಣಗಲು ಇಟ್ಟೆ.

ಗುರುದೇವಿಯ ರಜೆ ಮುಗಿಯುವ ದಿನ ಸಂಜೆ ಬೈರಪ್ಪನೂ ಮುನಿಲಕ್ಷ್ಮಮ್ಮನೂ ಪೆಟ್ಟಿಗೆಗಳನ್ನು ಟೆಂಪೋದಲ್ಲಿ ಮನೆಗೆ ತಂದರು. ಮಗಳು ಕೆಂಗೇರಿಗೆ ಹೊರಡಲು ಚೀಲ ಕಟ್ಟಿಕೊಂಡಿದ್ದಳು. ನಡುಮನೆಯ ಗೋಡೆಗೆ ಪೆಟ್ಟಿಗೆಗಳನ್ನಿಟ್ಟು, ದೇವರ ದೀಪ ಹಚ್ಚಿ ಬಂದು, ಕ್ಯಾಸೆಟ್ ಹಾಕಿದೆ. ಯಾರಿಗೂ ಹೇಳಿಕೊಳ್ಳುವಂಥ ಆಸೆ ಇರಲಿಲ್ಲ. ಹರಿದದ್ದು ಗೊರಗೊರ ಎನ್ನದಿದ್ದರೆ ಸಾಕು ಎಂದಿದ್ದೆ.

ಲಿಂಗಮ್ಮನವರು ಬಂದರು. ಆದರೆ ಸೂಜಿಯಿಲ್ಲ, ದಬ್ಬಳವಿಲ್ಲ; ಬಾಗಿಲಾಚೆ ನಿಂತು ಹಾಡುವವರಂತೆ ದೂರ ಸರಿದಿದ್ದರು. ಅವರು ಸರಿದಲ್ಲಿ ಬೇರೊಂದು ದನಿಗೆ ಜಾಗ ತೆರೆಯಿತು. ಅದರ ಕಾರಣವನ್ನು ಆಮೇಲೆ ಯೋಚಿಸಿದೆ: ವಿಭೂತಿಯ ಭಾರ ಹೊತ್ತ ಕೋನು ಮೊದಲಿಗಿಂತ ನಿಧಾನ, ಅದು ತಗ್ಗು ದನಿಗೆ ಒಗ್ಗುತ್ತದೆ, ಅಂಟಿನ ಪದರ ಕಾಗದದ ಕಿರುಚನ್ನು ಹಿಡಿದು ನಿಲ್ಲಿಸುತ್ತದೆ. ನನ್ನ ಲೆಕ್ಕದಲ್ಲಿ ಇದು ಹೊಳೆದಿರಲೇ ಇಲ್ಲ. ಆಗ ಮಾತ್ರ ಯಾವ ಯೋಚನೆಯೂ ಇರಲಿಲ್ಲ. ಮುಂದಿನ ಸಾಲಿನವರು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ, ನಿಲ್ಲಿಸದೆ ಉಳಿದ ಒಂದು ದನಿ ಕೇಳಿಸಿತು. ತಗ್ಗು, ಸ್ವಲ್ಪ ಒರಟು. ಅವರು ಮತ್ತೆ ಮೇಲೆದ್ದರು. ಅದು ಕೆಳಗೆಯೇ ನಡೆಯುತ್ತಿತ್ತು.

ನಾನು ಮಗಳನ್ನು ನೋಡಲಿಲ್ಲ. ನೋಡುವ ಧೈರ್ಯವಿರಲಿಲ್ಲ. ನಾನು ಹೇಳಿದರೆ ಅದು ನನ್ನ ಆಸೆ ಹೇಳಿದಂತಾಗುತ್ತದೆ, ಅವಳೇ ಹೇಳಬೇಕು.

ಗುರುದೇವಿ ಒಂದು ಪೆಟ್ಟಿಗೆಯ ಮುಂದೆ ಮಂಡಿಯೂರಿ ಕುಳಿತಳು. ಕಿವಿಯನ್ನು ಕೋನಿನ ಹತ್ತಿರ ತಂದಳು. ಆಮೇಲೆ, ಪಕ್ಕದ ಕೋಣೆಯಲ್ಲಿ ಇರುವವರ ವಿಷಯ ಹೇಳುವಂತೆ ಹೇಳಿದಳು:

"ಅಪ್ಪ, ಅಮ್ಮನಿಗೆ ನೆಗಡಿ ಆಗಿದೆ."

ಹೌದು, ಆಗಿತ್ತು. ಆ ಶ್ರಾವಣದಲ್ಲಿ ನಾನು ಮೆಣಸಿನ ಕಷಾಯ ಮಾಡಿಕೊಟ್ಟು ಹೋಗಬೇಡವೆಂದರೂ ಅವಳು ಕೇಳದೆ ಶಾಲು ಸುತ್ತಿಕೊಂಡು ಹೋಗಿದ್ದಳು. ಅದು ನನಗೆ ಪೂರ್ತಿಯಾಗಿ ಮರೆತುಹೋಗಿತ್ತು.

"ಯಾವ್ದವ್ವ ನೀಲಕ್ಕಂದು?" ಎಂದು ಬಾಗಿಲಲ್ಲೇ ನಿಂತಿದ್ದ ಮುನಿಲಕ್ಷ್ಮಮ್ಮ ಹೆದರುತ್ತ ಕೇಳಿದಳು.

"ಬನ್ನಿ ಆಂಟಿ, ಇಲ್ಲಿ ಕೂತ್ಕೊಳ್ಳಿ. ಲಿಂಗಮ್ಮನೋರು ಉಸಿರು ಬಿಡ್ಲಿ, ಆಗ ಬರ್ತಾರೆ... ಹಾಂ, ಇದು! ಇದು ಅಮ್ಮ."

ಮುನಿಲಕ್ಷ್ಮಮ್ಮ ಕಿವಿಗೊಟ್ಟಳು. "ಅಯ್ಯೋ, ಹೌದು ಕಣವ್ವ! 'ಮುನಿಲಕ್ಷ್ಮಿ, ಬಿಸಿನೀರು ತಾ' ಅಂತ ಗದರ್ಸೋ ದನಿ ಇದೇನೇ!" ಎಂದು ಅಳುತ್ತ ನಕ್ಕಳು. ಬೈರಪ್ಪ ಗೋಡೆಯ ಕಡೆಗೆ ತಿರುಗಿ ನಿಂತು, "ನನ್ನೂ ಗದರ್ಸವ್ರೆ" ಎಂದ.

ನಾನು ಕೈಮುಗಿದೆ. ದೇವರ ಮನೆ ಎಡಕ್ಕಿತ್ತು, ಮುನಿಲಕ್ಷ್ಮಮ್ಮ ಬಲಕ್ಕಿದ್ದಳು. ನಡುವೆ ನಿಂತು ಮುಗಿದೆ. ಇಬ್ಬರಿಗೂ ಸಲ್ಲಲಿ. ಕೊಡುವವನು ಯಾರ ಕೈಯಿಂದ ಕೊಡುತ್ತಾನೆಂದು ನಮ್ಮಂಥವರು ಮೊದಲೇ ತಿಳಿಯುವುದುಂಟೇ?

ಒಂದು ವಚನ ಮುಗಿಯಿತು. ಇನ್ನೊಂದು ಮುಗಿಯಿತು. ಮೂರನೆಯದರ ನಡುವೆ ಗುರುದೇವಿ ಕೈಚಾಚಿ ಟೇಪನ್ನು ನಿಲ್ಲಿಸಿದಳು.

"ಯಾಕಮ್ಮ?"

"ಸಾಕಪ್ಪ ಇವತ್ತಿಗೆ. ಉಳಿದಿದ್ದು ಇನ್ನೊಂದಿನಕ್ಕಿರ್ಲಿ. ಒಂದೇ ಸಲ ಎಲ್ಲಾ ಮುಗಿಸ್ಬಿಟ್ರೆ ಹೇಗೆ?" ಎಂದಳು. ಕಣ್ಣೊರೆಸಿಕೊಂಡು ಎದ್ದು, ಬೆಳಿಗ್ಗೆಯ ಬಸ್ಸಿಗೆ ನೇರವಾಗಿ ಶಾಲೆಗೇ ಹೋಗುತ್ತೇನೆಂದು ಹೇಳಿ, ನಾಲ್ಕು ಜನಕ್ಕೆ ಅಕ್ಕಿ ತೊಳೆಯಲು ಅಡಿಗೆಮನೆಗೆ ಹೋದಳು.