ಸೀಲ್ ಒಡೆದ ಕಂಪ್ಯೂಟರ್

ನನ್ನ ಗಂಡ ಲೋಕೇಶನಿಗೆ ಸೀಲ್ ಒಡೆಯದ ವಸ್ತುವಿನ ಮೇಲಿರುವಷ್ಟು ಭಕ್ತಿ ಕಟ್ಟಿಕೊಂಡ ಹೆಂಡತಿಯ ಮೇಲಿಲ್ಲ. ಹಳೇಬೀಡಿನ ಬಸ್ ಸ್ಟ್ಯಾಂಡ್ ಹತ್ತಿರ ನಮ್ಮದೊಂದು ಫೋಟೋ ಸ್ಟುಡಿಯೋ, ಅದರ ಹಿಂದೆಯೇ ಮನೆ. ಮದುವೆ, ಗೃಹಪ್ರವೇಶ, ನಾಮಕರಣ, ಎಲ್ಲಕ್ಕೂ ಅವನೇ ಕ್ಯಾಮೆರಾ ಹೆಗಲಿಗೇರಿಸಿಕೊಂಡು ಹೋಗುತ್ತಾನೆ. ಆ ಕಸುಬಿನವರಲ್ಲಿ ಒಂದು ನಂಬಿಕೆಯಿದೆ. ಒಮ್ಮೆ ಸ್ಕ್ರೂ ಬಿಚ್ಚಿದ ಕ್ಯಾಮೆರಾ ಮುಗಿಯಿತು, ಅದನ್ನು ಯಾರೂ ಕೈಯಲ್ಲಿ ಮುಟ್ಟುವುದಿಲ್ಲ. ಕ್ಯಾಮೆರಾದ ಮಟ್ಟಿಗೆ ಅದು ನಿಜವಿರಬಹುದು. ಅವನು ಅದನ್ನು ಮನೆಯ ಫ್ಯಾನಿಗೂ ಮಿಕ್ಸಿಗೂ ಹಚ್ಚಿದ್ದ, ಎರಡು ಸಾವಿರದ ಒಂದರಲ್ಲಿ ಕಂಪ್ಯೂಟರಿಗೂ ಹಚ್ಚಿದ. ಎದುರಿಗೆ ಅವನನ್ನು ನೀವು ಎನ್ನುತ್ತೇನೆ. ಇಲ್ಲಿ ಅವನು ಎಂದೇ ಬರೆಯುತ್ತೇನೆ, ಇಷ್ಟಾದರೂ ನನಗಿರಲಿ.

ಆಗ ಮದುವೆಯ ವಿಡಿಯೋ ತೆಗೆದುಬಿಟ್ಟರೆ ಸಾಲುತ್ತಿರಲಿಲ್ಲ. ಬೇಡದ್ದನ್ನು ಕತ್ತರಿಸಿ, ಹಾಡು ಸೇರಿಸಿ, ಗಂಡು ಹೆಣ್ಣಿನ ಮುಖಗಳನ್ನು ಗುಲಾಬಿಯೊಳಗೆ ಕೂರಿಸಿ ಕ್ಯಾಸೆಟ್ ಮಾಡಿಕೊಡಬೇಕಿತ್ತು. ಅದಕ್ಕೆ ಮಿಕ್ಸಿಂಗ್ ಎನ್ನುತ್ತಿದ್ದರು. ನಮ್ಮ ಟೇಪುಗಳನ್ನೆಲ್ಲ ಲೋಕೇಶ ಬೇಲೂರಿನ ಶಶಿ ಎಂಬುವನ ಹತ್ತಿರ ಒಯ್ಯುತ್ತಿದ್ದ. ಆ ಶಶಿ ಮುಹೂರ್ತವನ್ನು ಅರ್ಧಕ್ಕೆ ಕತ್ತರಿಸಿ ಊಟದ ಪಂಕ್ತಿಯನ್ನು ಇಪ್ಪತ್ತು ನಿಮಿಷ ಬಿಡುತ್ತಿದ್ದ. ಒಂದು ಸಲ ಧಾರೆ ಎರೆಯುವಾಗ ತಮಾಷೆಯ ಹಾಡು ಹಾಕಿದ್ದಕ್ಕೆ ಹೆಣ್ಣಿನ ಕಡೆಯವರು ನಮ್ಮ ಅಂಗಡಿಗೆ ಬಂದು ಬಾಯಿಗೆ ಬಂದ ಹಾಗೆ ಬೈದು ಹೋದರು. ಆದರೂ ಪ್ರತಿ ಕ್ಯಾಸೆಟ್ಟಿನ ಕೊನೆಗೆ ‘ಮಿಕ್ಸಿಂಗ್: ಶಶಿ, ಬೇಲೂರು’ ಎಂದು ದೊಡ್ಡದಾಗಿ ಬರುತ್ತಿತ್ತು. ನೋಡಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತಿತ್ತು. ನಾನು ಮದುವೆಗೆ ಮುಂಚೆ ತವರೂರು ಅರಸೀಕೆರೆಯಲ್ಲಿ ಹಾರ್ಡ್‌ವೇರ್ ಕಲಿತವಳು, ಮಿಕ್ಸಿಂಗೂ ಕಲಿತವಳು. ಆ ಕೆಲಸ ನಾನು ಮಾಡಬೇಕು, ಆ ಜಾಗದಲ್ಲಿ ಲಾವಣ್ಯ ಎಂಬ ನನ್ನ ಹೆಸರು ಬರಬೇಕು. ಅಷ್ಟೇ ನನ್ನ ಆಸೆ.

ಸೀಸನ್ನಿನಲ್ಲಿ ಶಶಿ ತಿಂಗಳುಗಟ್ಟಲೆ ಕಾಯಿಸಲು ಶುರುಮಾಡಿದ ಮೇಲೆ ಲೋಕೇಶನೇ ಕಂಪ್ಯೂಟರ್ ತರೋಣ ಎಂದ. ನಾನು ಅವತ್ತೇ ಒಂದು ಚೀಟಿ ಬರೆದೆ. ಬೋರ್ಡು, ಪ್ರೊಸೆಸರ್, ಮೆಮೊರಿ, ದೊಡ್ಡ ಹಾರ್ಡ್ ಡಿಸ್ಕು, ಕ್ಯಾಮೆರಾದ ಚಿತ್ರವನ್ನು ಕಂಪ್ಯೂಟರಿನೊಳಕ್ಕೆ ಎಳೆದುಕೊಳ್ಳುವ ಕ್ಯಾಪ್ಚರ್ ಕಾರ್ಡು. ಬಿಡಿ ಭಾಗ ತಂದು ಜೋಡಿಸಿಕೊಂಡರೆ ನಮ್ಮ ಕೆಲಸಕ್ಕೆ ಬೇಕಾದ್ದೇ ಇರುತ್ತದೆ, ಕೆಟ್ಟರೆ ಕೆಟ್ಟ ಭಾಗವನ್ನಷ್ಟೇ ಬದಲಾಯಿಸಬಹುದು ಎಂದು ಹೇಳಿದೆ.

“ಜೋಡ್ಸೋರು ಯಾರು?” ಎಂದ.

“ನಾನೇ.”

ಅವನು ನಕ್ಕ. “ಸ್ಟವ್ ಬತ್ತಿ ಹಾಕ್ದಂಗಲ್ಲ ಕಣೇ ಅದು.”

ನನ್ನ ಅತ್ತೆ ಕೆಂಪಲಕ್ಷ್ಮಮ್ಮ ಅವರೆಕಾಯಿ ಬಿಡಿಸುತ್ತ ಕೂತಿದ್ದರು. “ಬಿಡಿ ಸಾಮಾನು ತಂದು ಜೋಡ್ಸಕ್ಕೆ ಇದೇನು ಗುಜರಿ ಅಂಗ್ಡೀನಾ? ಕಂಪ್ನೀದೇ ತರ್ಲಿ. ಬಂದೋರು ಹೋದೋರು ನೋಡಿದ್ರೆ ಒಂದು ಮರ್ವಾದೆ ಐತೆ” ಎಂದರು.

“ನೋಡಕ್ಕಲ್ಲ ಅತ್ತೆ, ಕೆಲ್ಸ ಮಾಡಕ್ಕೆ ತರೋದು.”

“ನಿನ್ ಬಾಯಿಗೆ ಹಾಕೋ ಸೀಲು ಮಾತ್ರ ಯಾವ ಕಂಪ್ನೀಲೂ ಸಿಗಾಕಿಲ್ಲ ನೋಡು” ಎಂದು ಅವರು ಮೊರ ಎತ್ತಿಕೊಂಡು ಒಳಗೆ ಹೋದರು.

ಅರಸೀಕೆರೆಗೆ ಇಬ್ಬರೂ ಹೋದೆವು. ಜಾವಗಲ್ಲಿನವರೆಗೂ ಅವನು ಮುಂದೆ, ನಾನು ಹಿಂದೆ. ಅಲ್ಲಿ ಬಸ್ಸು ಬದಲಾಯಿಸಿದ ಮೇಲೂ ಹಾಗೇ. ಕಂಪ್ಯೂಟರ್ ಅಂಗಡಿಯ ಮರುಳಪ್ಪ ಗಾಜಿನ ಮೇಜಿನ ಮೇಲಿದ್ದ ಒಂದು ಕಂಪನಿ ಕಂಪ್ಯೂಟರ್ ತೋರಿಸಿದ. ತೆಳ್ಳಗೆ, ಬೆಳ್ಳಗೆ, ಬೆನ್ನ ಮೇಲೊಂದು ಹೊಳೆಯುವ ಸೀಲು. ಆ ತೆಳುವನ್ನು ನೋಡಿಯೇ ನನಗೆ ಅನುಮಾನ ಬಂತು.

“ಇದ್ರೊಳಗೆ ಕಾರ್ಡ್ ಹಾಕಕ್ಕೆ ಸ್ಲಾಟ್ ಎಷ್ಟವೆ?” ಎಂದು ಕೇಳಿದೆ.

ಮರುಳಪ್ಪ ಲೋಕೇಶನ ಮುಖ ನೋಡಿಕೊಂಡು, “ಎಲ್ಲಾ ಒಳಗೇ ಬರುತ್ತೆ ಸಾರ್, ನೀವೇನೂ ಹಾಕೋ ಹಂಗೇ ಇಲ್ಲ” ಎಂದ.

“ಬಿಚ್ಚಿ ತೋರ್ಸಿ.”

“ಬಿಚ್ಚಿದ್ರೆ ಮೂರು ವರ್ಷದ ಗ್ಯಾರಂಟಿ ಹೋಯ್ತದೆ ಸಾರ್” ಎಂದು ಮತ್ತೆ ಅವನಿಗೇ ಹೇಳಿದ. ಕೇಳಿದವಳು ನಾನು, ಉತ್ತರ ಅವನಿಗೆ. “ಮೇಡಮ್ಮೂ ಕಂಪ್ಯೂಟರ್ ಮಾಡ್ತಾರಾ ಸಾರ್?”

“ಅವ್ಳು ಒಂಚೂರು ಟೈಪಿಂಗ್ ಮಾಡ್ಕತಾಳೆ. ಮಿಕ್ಸಿಂಗೆಲ್ಲ ನಾನೇ” ಎಂದ ಲೋಕೇಶ.

ಮೌಸ್ ಹಿಡಿಯಲು ಬಾರದವನ ಬಾಯಲ್ಲಿ ಆ ಮಾತು ಎಷ್ಟು ಸಲೀಸಾಗಿ ಬಂತೆಂದರೆ ನನಗೆ ಅಲ್ಲೇ ಅಳು ಬಂತು. ಅಳಲಿಲ್ಲ. ಚೀಟಿಯನ್ನು ಹರಿದು ಅಂಗಡಿಯ ಕಸದ ಡಬ್ಬಿಗೆ ಹಾಕಿ ಹೊರಗೆ ಬಂದು ನಿಂತೆ.

ಕಂಪ್ಯೂಟರ್ ಮನೆಗೆ ಬಂತು. ಅತ್ತೆ ಅರಿಶಿನ ಕುಂಕುಮ ಹಚ್ಚಿದರು, ಸೀಲಿನ ಮೇಲೆ ಒಂದು ಬೊಟ್ಟು ಹೆಚ್ಚೇ ಇಟ್ಟರು. ಲೋಕೇಶ ಕಾಯಿ ಒಡೆದು, ಕ್ಯಾಮೆರಾದ ವೈರು ತಂದು, ಚುಚ್ಚಲು ತೂತು ಹುಡುಕಿದ. ಸಿಗಲಿಲ್ಲ. ಹಿಂದೆ ನೋಡಿದ, ಮುಂದೆ ನೋಡಿದ, ಡಬ್ಬವನ್ನು ಅಡ್ಡ ಮಲಗಿಸಿ ಹೊಟ್ಟೆ ನೋಡಿದ. ನಾನು ಬಾಗಿಲಿಗೆ ಒರಗಿಕೊಂಡು ನೋಡುತ್ತಿದ್ದೆ. ಕ್ಯಾಪ್ಚರ್ ಕಾರ್ಡಿಲ್ಲದೆ ಆ ತೂತು ಇರುವುದಿಲ್ಲ. ಆ ಕಾರ್ಡನ್ನು ಹಾಕಲು ಇದರೊಳಗೆ ಜಾಗವೂ ಇರಲಾರದು.

“ಗೊತ್ತಿದ್ರೆ ಬಾಯಿ ಬಿಟ್ಟು ಹೇಳಕ್ಕೇನಾಗಿತ್ತು ನಿಂಗೆ?” ಎಂದು ನನ್ನ ಮೇಲೆಯೇ ಎಗರಿದ.

ನಾನು ಒಳಗೆ ಹೋದೆ. ಅಲ್ಲೇ ನಿಂತಿದ್ದರೆ ಅವತ್ತು ಕೈಗೆ ಸಿಕ್ಕಿದ ಒಡೆದ ಕಾಯಿಯಲ್ಲೇ ಹೊಡೆಯುತ್ತಿದ್ದೆನೋ ಏನೋ.

ಮರುಳಪ್ಪನಿಗೆ ಫೋನ್ ಮಾಡಿದರೆ, ಮಾರಿದ ಮಾಲು ವಾಪಸ್ಸಿಲ್ಲ, ಸೀಲ್ ಒಡೆದರೆ ತನಗೆ ಸಂಬಂಧವಿಲ್ಲ ಎಂದ. ಎರಡು ತಿಂಗಳು ಆ ಯಂತ್ರ ಪ್ಲಾಸ್ಟಿಕ್ ಹೊದ್ದು ಕೂತಿತ್ತು. ಲೋಕೇಶ ಎಂದಿನಂತೆ ಟೇಪು ಹಿಡಿದು ಬೇಲೂರಿನ ಬಸ್ಸು ಹತ್ತುತ್ತಿದ್ದ. ಬಂದವರಿಗೆಲ್ಲ ಪ್ಲಾಸ್ಟಿಕ್ ಎತ್ತಿ, “ಕಂಪ್ನೀದು, ಇನ್ನೂ ಸೀಲೇ ಒಡ್ದಿಲ್ಲ” ಎಂದು ತೋರಿಸುತ್ತಿದ್ದ.

ನಾನು ತವರಿಗೆ ಹೋಗುವ ನೆಪ ಮಾಡಿ ಅರಸೀಕೆರೆಯ ನನ್ನ ಮೇಷ್ಟ್ರು ಇಂದುಧರ ಅವರನ್ನು ನೋಡಿದೆ. ನಮ್ಮ ಕಂಪ್ಯೂಟರಿನ ಮಾಡೆಲ್ ನಂಬರನ್ನು ಬರೆದುಕೊಂಡು ಹೋಗಿದ್ದೆ. ಅದರ ಪ್ರೊಸೆಸರಿಗೆ ಹೊಂದುವ ಬೋರ್ಡು, ಒಂದು ಅಗಲವಾದ ಕ್ಯಾಬಿನೆಟ್ಟು, ಒಂದು ಕ್ಯಾಪ್ಚರ್ ಕಾರ್ಡು ಅವರಲ್ಲಿದ್ದವು. ಎಂಟು ಭಾನುವಾರ ಬಂದು ಅವರ ಕ್ಲಾಸಿನ ಹೆಣ್ಣುಮಕ್ಕಳಿಗೆ ಪಾಠ ಮಾಡಿದರೆ ಮೂರೂ ನಿನ್ನವು ಎಂದರು. ಪ್ರತಿ ವಾರವೂ ಅದೇ ನೆಪ ಹೇಳಿ ಹೋಗಿ ಮಾಡಿದೆ. ಪ್ರೊಸೆಸರು, ಮೆಮೊರಿ, ಡಿಸ್ಕು ಹೇಗೂ ನಮ್ಮ ಮನೆಯಲ್ಲಿ ಅರಿಶಿನ ಹಚ್ಚಿಸಿಕೊಂಡು ಕೂತಿದ್ದವು.

ಮಾದಿಹಳ್ಳಿಯ ನಂಜಪ್ಪನವರ ಮಗಳ ಮದುವೆಗೆ ಲೋಕೇಶ ಬೆಳಗ್ಗೆಯೇ ಕ್ಯಾಮೆರಾ ಹಿಡಿದು ಹೋದ. ನಾನು ಸ್ಟುಡಿಯೋದ ಶಟರ್ ಅರ್ಧ ಇಳಿಸಿದೆ. ಸೀಲನ್ನು ಉಗುರಿನಲ್ಲೇ ಕಿತ್ತೆ. ಒಳಗೆ ನಾನಂದುಕೊಂಡ ಹಾಗೇ ಇತ್ತು, ಒಂದು ಸ್ಲಾಟೂ ಇಲ್ಲ. ಒಂದೊಂದೇ ಭಾಗ ಬಿಚ್ಚಿ ಹೊಸ ಬೋರ್ಡಿಗೆ ಕೂರಿಸಿದೆ. ಮಧ್ಯಾಹ್ನ ಸ್ವಿಚ್ ಹಾಕಿದರೆ ಫ್ಯಾನು ತಿರುಗಿತು, ಪರದೆ ಮಾತ್ರ ಕಪ್ಪು. ಎರಡು ಸಲ ಎಲ್ಲ ಬಿಚ್ಚಿ ಜೋಡಿಸಿದೆ. ಕೊನೆಗೆ ನೋಡಿದರೆ ಮೆಮೊರಿಯ ಒಂದು ತುದಿ ಪೂರ್ತಿ ಕೂತಿರಲಿಲ್ಲ. ಹೆಬ್ಬೆರಳಲ್ಲಿ ಒತ್ತಿದೆ. ಪರದೆ ಬೆಳಗಿತು.

ಸಂಜೆ ಲೋಕೇಶ ಬಂದವನು ಮೇಜಿನ ಮೇಲಿನ ಖಾಲಿ ಡಬ್ಬ ನೋಡಿ ಬಾಗಿಲಲ್ಲೇ ನಿಂತ.

“ಸೀಲ್ ಕಿತ್ತಾಕ್ಬುಟ್ಯಾ?”

“ಹೂಂ.”

“ನಿಮ್ಮಪ್ಪನ್ ಮನೆಯಿಂದ ತಂದಿದ್ದಾ ಅದು? ನಡಿ, ಗಂಟುಮೂಟೆ ಕಟ್ಕಂಡು ಅಲ್ಲಿಗೇ ನಡಿ.”

“ಮಾದಿಹಳ್ಳಿ ಟೇಪ್ ಕೊಡಿ” ಎಂದೆ. “ಮಿಕ್ಸಿಂಗ್ ಮಾಡ್ತೀನಿ. ನಂಜಪ್ಪನೋರು ಚೆನ್ನಾಗಿಲ್ಲ ಅಂದ್ರೆ ಅವತ್ತೇ ಅರಸೀಕೆರೆ ಬಸ್ ಹತ್ತೀನಿ. ಕರ್ಕಂಡ್ ಬರಕ್ಕೆ ನೀವು ಬರೋದೇ ಬೇಡ.”

ಅವನು ಟೇಪುಗಳನ್ನು ನನ್ನತ್ತ ಎಸೆದ. ಒಂದು ನನ್ನ ಮೊಣಕೈಗೆ ಬಡಿಯಿತು. ಮರುದಿನ ನೋಡಿದರೆ ಖಾಲಿ ಡಬ್ಬಕ್ಕೆ ತಾನೇ ಸ್ಕ್ರೂ ಹಾಕಿ, ಅಂಗಡಿಯ ಮುಂದಿನ ಗಾಜಿನ ಕಪಾಟಿನಲ್ಲಿ ರಸ್ತೆಗೆ ಕಾಣುವ ಹಾಗೆ ಇಟ್ಟಿದ್ದ.

ಐದು ದಿನ ನಾನು ಕಂಪ್ಯೂಟರಿನ ಮುಂದೆಯೇ ಕೂತೆ. ಅತ್ತೆ ಗೋಡೆಗೆ ಹೇಳಿದಂತೆ, “ಅನ್ನ ಆಗೈತೆ, ಬೇಕಾದೋರು ಉಣ್ಬೋದು” ಎನ್ನುತ್ತಿದ್ದರು. ನಾನು ಉಂಡು ಬಂದು ಮತ್ತೆ ಕೂರುತ್ತಿದ್ದೆ. ಊಟದ ಪಂಕ್ತಿಯನ್ನು ಎರಡು ನಿಮಿಷಕ್ಕೆ ಇಳಿಸಿದೆ. ಧಾರೆ ಮುಗಿದ ಮೇಲೆ ಯಾರೋ ತಳ್ಳಿ ಕ್ಯಾಮೆರಾ ಪಕ್ಕಕ್ಕೆ ತಿರುಗಿತ್ತು. ಅಲ್ಲಿ ಹುಡುಗಿಯ ತಾಯಿ ಕಂಬದ ಮರೆಯಲ್ಲಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದದ್ದು ಸಿಕ್ಕಿತ್ತು. ಶಶಿಯಾಗಿದ್ದರೆ ಅದನ್ನು ತಪ್ಪು ಎಂದು ಕತ್ತರಿಸಿ ಎಸೆಯುತ್ತಿದ್ದ. ನಾನು ಅದನ್ನು ಇಟ್ಟುಕೊಂಡೆ, ಅದರ ಮೇಲೆ ಹಾಡು ಹಾಕಲಿಲ್ಲ, ನಾದಸ್ವರವನ್ನು ಹಾಗೇ ಬಿಟ್ಟೆ.

ಆರನೆಯ ದಿನ ನಂಜಪ್ಪನವರು ಹೆಂಡತಿಯ ಜೊತೆ ಬಂದರು. ಟಿವಿ ಮುಂದೆ ಎರಡು ಕುರ್ಚಿ ಹಾಕಿ ಕೂರಿಸಿದೆವು. ನಾನು ಹಿಂದೆ ನಿಂತಿದ್ದೆ. ನನ್ನ ಬಟ್ಟೆ ತುಂಬಿದ ಚೀಲ ಒಳಗೆ ಸಿದ್ಧವಾಗಿಯೇ ಇತ್ತು. ಕಂಬದ ಮರೆಯ ಚಿತ್ರ ಬಂದಾಗ ಆ ತಾಯಿ ತಮ್ಮನ್ನು ತಾವೇ ನೋಡಿ ಮತ್ತೆ ಕಣ್ಣಿಗೆ ಸೆರಗು ಒತ್ತಿಕೊಂಡರು. ನಂಜಪ್ಪನವರು ಹೆಂಡತಿಯ ಕಡೆ ತಿರುಗಿ, “ಅತ್ತಿದ್ಯಾ ನೀನು? ನಂಗೆ ಹೇಳ್ಲೇ ಇಲ್ವಲ್ಲ” ಎಂದರು.

ಲೋಕೇಶ ಮುಂದೆ ಬಂದ. “ಕಂಪ್ನಿ ಕಂಪ್ಯೂಟರ್ ಅಲ್ವಾ ಅಣ್ಣ, ಅದುಕ್ಕೇ ಇಷ್ಟ್ ಚೆಂದಾಗಿ ಬಂದೈತೆ” ಎಂದು ಕಪಾಟಿನ ಕಡೆ ಕೈ ತೋರಿಸಿದ.

ಅಷ್ಟರಲ್ಲಿ ಕ್ಯಾಸೆಟ್ಟಿನ ಕೊನೆ ಬಂತು. ನಂಜಪ್ಪನವರು ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದರು: “ಮಿಕ್ಸಿಂಗ್, ಲಾವಣ್ಯ, ಹಳೇಬೀಡು. ಲಾವಣ್ಯ ಅಂದ್ರೆ ನಿನ್ ಹೆಂಡ್ರಲ್ವೇನ್ಲಾ?”

ಲೋಕೇಶನಿಗೆ ತಕ್ಷಣ ಸುಳ್ಳು ಸಿಗಲಿಲ್ಲ. “ಹೂಂ” ಎಂದ.

“ನಂಟ್ರಿಗೆಲ್ಲ ಕೊಡ್ಬೇಕು, ಇನ್ನೂ ನಾಕು ಕ್ಯಾಸೆಟ್ ಮಾಡ್ಕೊಡಮ್ಮ” ಎಂದು ನಂಜಪ್ಪನವರು ನನ್ನ ಕಡೆ ತಿರುಗಿ ಹೇಳಿದರು, ಅವನ ಕಡೆಗಲ್ಲ.

ಅವರು ಹೋದ ಮೇಲೆ ಲೋಕೇಶ ಬಾಗಿಲು ಎಳೆದುಕೊಂಡ. “ಆ ಹೆಸ್ರು ಅಳ್ಸು.”

“ನೀವೇ ಅಳ್ಸಿ. ಕಂಪ್ಯೂಟರ್ ನಿಮ್ದೇ ತಾನೇ” ಎಂದು ಕುರ್ಚಿ ಬಿಟ್ಟೆದ್ದೆ.

ಅವನು ಕೂತ. ಮೌಸು ಅವನ ಕೈಯಲ್ಲಿ ಮೇಜಿನಂಚಿಗೆ ಹೋಗಿ ಕೆಳಗೆ ಬಿತ್ತು. ಎತ್ತಿಕೊಂಡು ಎಲ್ಲೋ ಒತ್ತಿದ. ಪರದೆಯ ತುಂಬ ಮಾದಿಹಳ್ಳಿ ಮದುವೆಯ ನೂರಾರು ತುಂಡುಗಳು ತೆರೆದುಕೊಂಡವು. ಯಾವುದನ್ನು ಮುಟ್ಟಿದರೆ ಯಾವುದು ಹೋಗುತ್ತದೋ ತಿಳಿಯದೆ ಕೈ ಹಿಂದೆಗೆದ. ಅರ್ಧ ಗಂಟೆ ಹಾಗೇ ಕೂತಿದ್ದ. ನಾನು ಎದುರಿನ ಸ್ಟೂಲಿನ ಮೇಲೆ ಕೂತು ನೋಡಿದೆ, ಒಂದು ಮಾತೂ ಹೇಳಿಕೊಡಲಿಲ್ಲ. ನನಗೆ ಖುಷಿಯಾಯಿತು. ಅದನ್ನು ಹೇಳಿಕೊಳ್ಳಲು ನಾಚಿಕೆಯೇನೂ ಇಲ್ಲ.

“ಹೋಗ್ಲಿ, ನನ್ ಹೆಸ್ರಾದ್ರೂ ಹಾಕು” ಎಂದ ಕೊನೆಗೆ. ದನಿ ತಗ್ಗಿತ್ತು, ಸಿಟ್ಟು ತಗ್ಗಿರಲಿಲ್ಲ.

ಹಾಕಿದೆ. ಕ್ಯಾಮೆರಾ ಹಿಡಿದದ್ದು ಅವನೇ, ಅದು ಸುಳ್ಳಲ್ಲ. ನನ್ನ ಹೆಸರಿನ ಕೆಳಗೆ, ಅಷ್ಟೇ ಅಳತೆಯಲ್ಲಿ, ‘ಕ್ಯಾಮೆರಾ: ಲೋಕೇಶ್, ಹಳೇಬೀಡು’ ಎಂದು ಬರೆದೆ.

“ಮೇಲಕ್ಕೆ ಹಾಕು. ದೊಡ್ಡದು ಮಾಡು.”

“ನಾಳೆಯಿಂದ ಪಕ್ಕದಲ್ಲಿ ಕೂತ್ಕಂಡು ಕಲೀರಿ, ಹೇಳ್ಕೊಡ್ತೀನಿ. ಆಮೇಲೆ ನೀವೇ ದೊಡ್ಡದು ಮಾಡ್ಕಳಿ” ಎಂದೆ.

ಅವನು ಎದ್ದು ಹೊರಗೆ ಹೋದ. ಮರುದಿನ ಪಕ್ಕದಲ್ಲಿ ಒಂದು ಕುರ್ಚಿ ಹಾಕಿಟ್ಟೆ. ಇದಾಗಿ ನಾಲ್ಕು ವರ್ಷವಾಯಿತು, ಇನ್ನೂ ಬಂದು ಕೂತಿಲ್ಲ.